ತಳಿ ಉಳಿಸೋಕೆ ಫ್ರೀಜರ್ ಒಂದಿದ್ರೆ ಸಾಕಾ?



"ಅಮೃತಮಹಲ್ ದನ ಕಮ್ಮಿ ಆದ್ರೆ ಏನೀಗ? ಭ್ರೂಣ ಫ್ರೀಜ್ ಮಾಡಿಟ್ಟರಾಯ್ತು, ಬೇಕಾದಾಗ ಕರು ಹುಟ್ಟಿಸ್ಕೋಬಹುದು." ನಮ್ಮ ಸಿರಿಗೆರೆ ಕಡೆಯೂ ಈಗ ಈ ಮಾತು ಕೇಳಿಬರ್ತಿದೆ. ಅದೂ ಓದಿಕೊಂಡವರ ಬಾಯಲ್ಲಿ! ಭ್ರೂಣ ಅಂದ್ರೆ ಫ್ರಿಜ್ಜಿನಲ್ಲಿಡೋ ಹಸಿ ಬಟಾಣಿ ಅಲ್ಲ ಸ್ವಾಮಿ.

ಹಸುವಿನ ಭ್ರೂಣವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡ್ತಾರೆ. ಹೀಗೆ ಫ್ರೀಜ್ ಮಾಡಿದ ಭ್ರೂಣದಿಂದ ಮೊದಲ ಕರು ಹುಟ್ಟಿದ್ದು 1973ರಲ್ಲಿ, ಇಂಗ್ಲೆಂಡಿನಲ್ಲಿ. ಫ್ರೀಜ್ ಮಾಡುವ ಮುಂಚೆ ಭ್ರೂಣದ ಜೀವಕೋಶಗಳಿಂದ ನೀರು ತೆಗೀಬೇಕು. ಇಲ್ಲದಿದ್ರೆ ಒಳಗೇ ಮಂಜಿನ ಹರಳು ಕಟ್ಟಿ ಕೋಶ ಹರಿದುಹೋಗುತ್ತೆ. ನೀರಿನ ಕಥೆ ಇದಾಯ್ತು, ಇನ್ನು ಕೊಬ್ಬಿನದ್ದು ಬೇರೆಯೇ ತಕರಾರು. ಜೀವಕೋಶದೊಳಗೆ ಸಣ್ಣ ಸಣ್ಣ ಕೊಬ್ಬಿನ ಹನಿಗಳಿರ್ತವೆ. ಅವು ಜಾಸ್ತಿ ಇದ್ದಷ್ಟೂ ಭ್ರೂಣ ಚಳಿ ತಡೆಯೋದು ಕಮ್ಮಿ.

ಈ ಕೊಬ್ಬು ಎಲ್ಲಾ ತಳಿಯಲ್ಲೂ ಒಂದೇ ಸಮ ಇರಲ್ಲ. ಜೆರ್ಸಿ ಭ್ರೂಣದಲ್ಲಿ ಹೋಲ್‌ಸ್ಟೀನ್‌ಗಿಂತ ಕೊಬ್ಬು ಹೆಚ್ಚು, ಫ್ರೀಜ್ ಮಾಡಿ ವರ್ಗಾಯಿಸಿದಾಗ ಗರ್ಭ ನಿಲ್ಲೋದೂ ಕಮ್ಮಿ. ಎರಡೂ ಸೀಮೆ ಹಸುಗಳೇ, ಆದರೂ ಇಷ್ಟು ವ್ಯತ್ಯಾಸ! ನಮ್ಮ ಒಂಗೋಲ್ ದನ ಬ್ರೆಜಿಲಿಗೆ ಹೋಗಿ ನೆಲ್ಲೋರ್ ಆಯ್ತಲ್ಲ, ಅಲ್ಲೂ ಲ್ಯಾಬಿನಲ್ಲಿ ಬೆಳೆಸಿದ ಭ್ರೂಣಗಳನ್ನ ಬಹುಕಾಲ ಫ್ರೀಜ್ ಮಾಡದೆ ಹೆಚ್ಚಾಗಿ ತಾಜಾ ಆಗಿಯೇ ವರ್ಗಾಯಿಸ್ತಿದ್ರು. ತಳಿ ಒಂದೇ ಕಾರಣ ಅಲ್ಲ ಅನ್ನೋದೂ ನಿಜ. ಲ್ಯಾಬಿನಲ್ಲಿ ಸೀರಮ್ ಹಾಕಿ ಬೆಳೆಸಿದ್ರೂ ಭ್ರೂಣಕ್ಕೆ ಕೊಬ್ಬು ಏರುತ್ತೆ.

ಹಾಗಿದ್ದಮೇಲೆ ಹೋಲ್‌ಸ್ಟೀನ್‌ಗೆ ಹೊಂದಿದ ವಿಧಾನವನ್ನೇ ಹಳ್ಳಿಕಾರ್‌ಗೂ ಅಮೃತಮಹಲ್‌ಗೂ ಕಣ್ಣುಮುಚ್ಚಿ ಹಚ್ಚೋದು ಯಾವ ನ್ಯಾಯ? ಅವುಗಳ ಭ್ರೂಣವನ್ನೇ ಫ್ರೀಜ್ ಮಾಡಿ, ಕರಗಿಸಿ, ಎಷ್ಟು ಕರು ಹುಟ್ಟಿದವು ಅಂತ ಎಣಿಸಬೇಕು. ಕ್ಯಾನಿನಲ್ಲಿ ಎಷ್ಟು ಭ್ರೂಣ ಇದೆ ಅನ್ನೋ ಲೆಕ್ಕ ಯಾರಿಗೆ ಬೇಕು?

'ದೇಸಿ ಅಂದಮೇಲೆ ಎಲ್ಲಾ ತಡ್ಕೊಳುತ್ತೆ' ಅನ್ನೋ ಅಭಿಮಾನಿಗಳಿಗೂ ಒಂದು ಮಾತು. ಬಿಸಿಲು ತಡೆಯೋ ದನದ ಭ್ರೂಣ ಸಾರಜನಕದ ಚಳೀನೂ ತಡೆಯುತ್ತೆ ಅಂತ ಎಲ್ಲೂ ಬರೆದಿಲ್ಲ. ಹಾಗೇ, ಹಾಲಿನ ಫ್ಯಾಟ್ ನೋಡಿ ಭ್ರೂಣದ ಕೊಬ್ಬನ್ನ ಹೇಳೋಕಾಗಲ್ಲ. ಡೈರಿಯ ಮಿಷಿನ್ ಅದನ್ನ ಅಳೆಯಲ್ಲ :)

ಇನ್ನೊಂದು ವಿಷಯ. ಭ್ರೂಣ ಸಿಗಬೇಕಾದ್ರೆ ಹಸು ಇರಬೇಕು, ಹಸು ಇರೋಕೆ ಕಾವಲು ಇರಬೇಕು. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಅಂತ ಶುರು ಮಾಡಿದ್ದಕ್ಕೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಇಬ್ಬರ ಕಾಲದಲ್ಲೂ ದನದ ಜೊತೆ ಹುಲ್ಲುಗಾವಲೂ ಇತ್ತು. ಹೊಸದುರ್ಗದ ಆಚೆ ಅಜ್ಜಂಪುರದಲ್ಲಿ ಅಮೃತಮಹಲ್ ಕೇಂದ್ರ ಇನ್ನೂ ಇದೆ. ಆದರೆ ನಮ್ಮದೇ ಜಿಲ್ಲೆಯ ಚಳ್ಳಕೆರೆಯಲ್ಲಿ 2009ರ ನಂತರ ಸಾವಿರಾರು ಎಕರೆ ಕಾವಲು ಡಿಆರ್‌ಡಿಒ, ಐಐಎಸ್‌ಸಿ, ಇಸ್ರೋ ಅಂತ ಹಂಚಿಹೋಯ್ತು. ವಿಜ್ಞಾನ ಬೇಡ ಅಂತಲ್ಲ. ಕಾವಲು ಕೊಟ್ಟು ಕ್ಯಾನ್ ಇಟ್ಕೊಳ್ಳೋದು ವಿಜ್ಞಾನವೂ ಅಲ್ಲ ಅಂತೀನಿ.

ಭ್ರೂಣ ಫ್ರೀಜ್ ಮಾಡಲಿ, ಖಂಡಿತ ಮಾಡಲಿ. ಆದ್ರೆ ಮೊದಲು ನಮ್ಮ ತಳಿಯ ಮೇಲೇ ಪರೀಕ್ಷೆ ಮಾಡಿ, ಹುಟ್ಟಿದ ಕರುಗಳ ಲೆಕ್ಕ ಜನರ ಮುಂದೆ ಇಡಲಿ. ಅಲ್ಲೀತನಕ ಮೇಯೋ ಮಂದೆಯೇ ನಮ್ಮ ನಿಜವಾದ ಉಳಿತಾಯ ಖಾತೆ.

ನೀವೇನಂತೀರಿ?