ಮಿದುಳಿನ ಪೊರೆಯ ಗಂಟು

ಹೊಳಲ್ಕೆರೆಯಲ್ಲಿರುವ ನಮ್ಮ ತಂಗಿಯ ಕೈಯಡಿಗೆಯನ್ನು ಒಮ್ಮೆ ಉಂಡವರು ಮರೆಯುವಂತಿರಲಿಲ್ಲ. ಅಂಥವಳ ಒಲೆಯ ಮೇಲೆ ಒಗ್ಗರಣೆ ಹೊತ್ತತೊಡಗಿತು, ಹಾಲು ಸೀಯತೊಡಗಿತು. ಕಮಟು ಬೀದಿಗೆ ಮುಟ್ಟಿದರೂ ಪಕ್ಕದಲ್ಲೇ ನಿಂತಿದ್ದ ಆಕೆಗೆ ತಿಳಿಯುತ್ತಿರಲಿಲ್ಲ. ಮನೆಯವರು ಗೊಣಗಿದರು. ನಾವೂ ಅಣ್ಣನೆಂಬ ಅಧಿಕಾರದಿಂದ “ಮನಸ್ಸನ್ನೆಲ್ಲಿ ಇಟ್ಟಿದ್ದೀಯಮ್ಮ?” ಎಂದು ಗದರಿಸಿದ್ದುಂಟು. ಬರಬರುತ್ತ ಆಕೆಯ ಮಾತು ಕಡಮೆಯಾಯಿತು; ಹಬ್ಬಹರಿದಿನಗಳಲ್ಲಿ ಇದ್ದ ಉತ್ಸಾಹವೂ ಹೋಯಿತು. ಕೆಲವರು ವಯಸ್ಸೆಂದರು, ಕೆಲವರು ಗಾಳಿ ಸೋಕಿದೆಯೆಂದರು. ಎರಡು ವರ್ಷಗಳ ಮೇಲೆ ದೃಷ್ಟಿ ಮಂದವಾದಾಗ, ಕಣ್ಣಿಗೆ ಪೊರೆ ಬಂದಿರಬೇಕೆಂದು ವೈದ್ಯರ ಬಳಿಗೆ ಕರೆದೊಯ್ದೆವು. ಅವರು ಕಣ್ಣಿನ ಹಿಂಭಾಗದ ನರವನ್ನು ಪರೀಕ್ಷಿಸಿ, ತಲೆಯ ಎಂ.ಆರ್.ಐ. ಚಿತ್ರವನ್ನು ತೆಗೆಸಬೇಕೆಂದರು. ಮೂಗಿನ ಮೇಲ್ಗಡೆ, ಹಣೆಯ ತಳದಲ್ಲಿ, ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಕಂಡಿತು. ಪೊರೆಯೆಂದು ನಾವು ಊಹಿಸಿದ್ದೇನೋ ನಿಜವೇ. ಆದರೆ ಕೇಡು ಹುಟ್ಟಿದ್ದು ಕಣ್ಣಿನ ಪೊರೆಯಲ್ಲಲ್ಲ, ಮಿದುಳಿನ ಪೊರೆಯಲ್ಲಿ.

ಈ ಗಂಟಿಗೆ ಮೆನಿಂಜಿಯೋಮ ಎಂಬ ಹೆಸರನ್ನು 1922ರಲ್ಲಿ ಅಮೆರಿಕದ ಶಸ್ತ್ರವೈದ್ಯನಾದ ಹಾರ್ವಿ ಕುಷಿಂಗನು ಇಟ್ಟನು. ನಮ್ಮ ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಕಂಡವರಿಗೆ ಇದರ ನೆಲೆಯನ್ನು ತಿಳಿಯುವುದು ಕಷ್ಟವಲ್ಲ. ತಲೆಬುರುಡೆಯೇ ಹೊರಗೋಟೆ, ಅದರೊಳಗೆ ಮಿದುಳನ್ನು ಸುತ್ತಿಕೊಂಡು ಮೂರು ಪೊರೆಗಳುಂಟು. ಜೇಡರ ಬಲೆಯಂತೆ ತೆಳುವಾದ ನಡುವಣ ಪೊರೆಯ ಜೀವಕಣಗಳಿಂದ ಗಂಟು ಹುಟ್ಟಿ, ಗಟ್ಟಿಯಾದ ಹೊರಪೊರೆಗೆ ಅಂಟಿಕೊಂಡು ಬೆಳೆಯುತ್ತದೆ. ಸಾಮಾನ್ಯವಾಗಿ ಅದು ಅರಮನೆಯೊಳಕ್ಕೆ ನುಗ್ಗುವುದಿಲ್ಲ, ಹೊರಗಿನಿಂದ ಒತ್ತುತ್ತದೆ. ಕೋಟೆ ಗಟ್ಟಿಯಾದುದರಿಂದ ಹಿಗ್ಗಲು ಎಡೆಯಿಲ್ಲ. ಬಹುಮಟ್ಟಿಗೆ ಕೇಡೆಲ್ಲ ಆ ಒತ್ತಡದ್ದೇ. ಹಣೆಯ ತಳದಲ್ಲಿದ್ದರೆ ಘ್ರಾಣಶಕ್ತಿಯೂ ಸ್ವಭಾವವೂ ಕೆಡುವುವು. ನಡುನೆತ್ತಿಯ ಬಳಿಯಿದ್ದರೆ ಕಾಲಿನ ಬಲ ಕುಂದುವುದು. ಕೆಲವರಿಗೆ ಮೊದಲು ಕಾಣುವುದೇ ಅಪಸ್ಮಾರದ ಸೆಳವು.

‘ಅರ್ಬುದ’ ಎಂದೊಡನೆ ಈಗ ಎಲ್ಲರಿಗೂ ಕ್ಯಾನ್ಸರಿನ ಭಯ. ಆದರೆ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣವು ದುಂಡಗಿರುವುದು, ಕದಲದಿರುವುದು, ನೋವು ಅಲ್ಪವಾಗಿರುವುದು, ನಿಧಾನವಾಗಿ ಬೆಳೆಯುವುದು, ಕೀವುಗಟ್ಟದಿರುವುದು ಎಂದಿದೆ. ಸುಶ್ರುತನು ಮೆನಿಂಜಿಯೋಮವನ್ನು ಅರಿತಿದ್ದನೆಂದು ಹೇಳುವ ದುಡುಕು ನಮಗಿಲ್ಲ. ವರ್ಣನೆ ಮಾತ್ರ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಂಥ ಗಂಟುಗಳಲ್ಲಿ ನೂರಕ್ಕೆ ಸುಮಾರು 80 ಸೌಮ್ಯವಾದುವು, ದೇಹದ ಬೇರೆಡೆಗೆ ಹರಡತಕ್ಕವಲ್ಲ. ಉಳಿದವು ಮರಳಿ ಬೆಳೆಯುವ ಸ್ವಭಾವದವು. ನಿಜವಾಗಿ ದುಷ್ಟವಾದುವು ತೀರ ವಿರಳ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಸುಮಾರು ಎರಡರಷ್ಟು ಹೆಚ್ಚು.

ಗಂಟು ಕಂಡೊಡನೆ ಕೊಯ್ಯಲೇಬೇಕೆಂದಿಲ್ಲ. ಹಿರಿಯೂರಿನ ನಮ್ಮ ಹಳೆಯ ಸಹೋಪಾಧ್ಯಾಯರೊಬ್ಬರು ಜಾರಿ ಬಿದ್ದಾಗ ತೆಗೆಸಿದ ಚಿತ್ರದಲ್ಲಿ ನೆಲ್ಲಿಕಾಯಿಗಿಂತ ಚಿಕ್ಕದೊಂದು ಗಂಟು ಕಾಣಿಸಿತು. ಮಕ್ಕಳು ಮರುದಿನವೇ ಶಸ್ತ್ರಚಿಕಿತ್ಸೆಯಾಗಲೆಂದರು. ವೈದ್ಯರೋ, ತೊಂದರೆಯಿಲ್ಲದ ಗಂಟನ್ನು ಕಾದು ನೋಡುವುದೇ ಲೇಸೆಂದು, ಮೊದಲು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಚಿತ್ರ ತೆಗೆಸಲು ಹೇಳಿದರು. ಐದು ವರ್ಷವಾಯಿತು, ಅವರು ಇಂದಿಗೂ ತೆಂಗಿನ ತೋಟಕ್ಕೆ ತಾವೇ ನೀರು ಹಾಯಿಸುತ್ತಾರೆ.

ಒತ್ತಡದ ಲಕ್ಷಣ ಕಂಡರೆ, ಅಥವಾ ಗಂಟು ಬೆಳೆಯುತ್ತಿದ್ದರೆ, ಶಸ್ತ್ರಚಿಕಿತ್ಸೆಯೇ ಮುಖ್ಯ. ಬುರುಡೆಯ ಒಂದು ತುಂಡನ್ನು ಎತ್ತಿ, ಗಂಟನ್ನೂ ಅದರ ಬೇರಿರುವ ಪೊರೆಯನ್ನೂ ಸಾಧ್ಯವಾದಷ್ಟು ತೆಗೆಯುತ್ತಾರೆ. ಬೇರು ಎಷ್ಟು ಪೂರ್ಣವಾಗಿ ಹೋಗುವುದೋ ಮರಳಿ ಬರುವ ಸಂಭವ ಅಷ್ಟು ಕಡಮೆಯೆಂಬುದನ್ನು 1957ರಲ್ಲಿ ಡೊನಾಲ್ಡ್ ಸಿಂಪ್ಸನ್ನನು ತೋರಿಸಿದನು. ನರಕ್ಕೋ ರಕ್ತನಾಳಕ್ಕೋ ಅಂಟಿದ ಭಾಗವನ್ನು ಬಿಟ್ಟು, ಅಗತ್ಯವಾದರೆ ಕಿರಣ ಚಿಕಿತ್ಸೆ ಕೊಡುವುದುಂಟು. ‘ಗಾಮಾ ನೈಫ್’ ಎಂಬುದು ಹೆಸರಿಗೆ ಚಾಕು; ಅದರಲ್ಲಿ ಕೊಯ್ಯುವುದೇ ಇಲ್ಲ, ಚಿಕ್ಕ ಗಂಟಿನ ಮೇಲೆ ಕಿರಣಗಳನ್ನು ಒಂದೆಡೆ ಕೂಡಿಸುವುದಷ್ಟೆ. ಗಂಟನ್ನು ಕರಗಿಸುವ ಗುಳಿಗೆಯೆಂದು ಯಾರಾದರೂ ಮಾರಿದರೆ ಕೊಳ್ಳಬಾರದು. ಬಾವಿಗೂ ಸೆಳವಿಗೂ ಕೊಡುವ ಔಷಧಗಳುಂಟು. ಅವನ್ನು ತಾವಾಗಿ ನಿಲ್ಲಿಸತಕ್ಕದ್ದಲ್ಲ.

1949ರಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ಆರಂಭಿಸುವವರೆಗೆ ನಮ್ಮ ದೇಶದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆಂದೇ ಒಂದು ವಿಭಾಗವಿರಲಿಲ್ಲ. ಈಗ ದುರ್ಗದಿಂದ ಸುಮಾರು 200 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ, 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಇದೆ. ಹೊಸದುರ್ಗದ ಬಸ್ಸನ್ನು ಬೆಳಗಿನ ಜಾವ ಹಿಡಿದರೂ ಹೊತ್ತೇರುವುದರೊಳಗೆ ತಲಪಬಹುದು. ಹಳೆಯ ಚಿತ್ರಗಳನ್ನೂ ಚೀಟಿಗಳನ್ನೂ ಮರೆಯದೆ ಒಯ್ಯಬೇಕು.

ಸೆಳವು ಬಂದವರ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮ ಸೀಮೆಯಲ್ಲಿ ಇನ್ನೂ ಹೋಗಿಲ್ಲ. ಅವರನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ವೈದ್ಯರಲ್ಲಿಗೆ ಒಯ್ಯಬೇಕು.

ತಂಗಿಯ ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷವಾಯಿತು. ದೃಷ್ಟಿ ಉಳಿಯಿತು, ಮಾತೂ ನಗುವೂ ಮರಳಿದವು. ಘ್ರಾಣ ಮಾತ್ರ ಬರಲಿಲ್ಲ. ನಾವು ಗದರಿಸಿದ್ದಕ್ಕಾಗಿ ಕ್ಷಮೆ ಕೇಳಿದಾಗ “ಹೊತ್ತಿದ್ದಂತೂ ನಿಜ ತಾನೇ ಅಣ್ಣಯ್ಯ” ಎಂದಳು. ಈಗ ಒಗ್ಗರಣೆಯ ಹೊತ್ತಿಗೆ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. ಬರುವ ಮಾರ್ಗಶಿರದಲ್ಲಿ ಮತ್ತೊಮ್ಮೆ ಚಿತ್ರ ತೆಗೆಸಬೇಕಾಗಿದೆ.