ಚೀನಾದಲ್ಲಿ ಆರು ತಿಂಗಳಿದ್ದರೆ ಚೀನೀ ಭಾಷೆ ತಾನಾಗಿಯೇ ಬಂದುಬಿಡುತ್ತದೆಯೇ?

ವಿದೇಶಕ್ಕೆ ಓದಲು ಹೊರಟವರಿಗೆ ಸಿಗುವ ಪುಕ್ಕಟೆ ಸಲಹೆಗಳಲ್ಲಿ ಇದು ಬಹಳ ಹಳೆಯದು: “ಅಲ್ಲಿಗೆ ಹೋಗು, ಜನರ ನಡುವೆ ಇರು, ಭಾಷೆ ತಾನಾಗಿಯೇ ಬರುತ್ತೆ.” ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ‘ಕನ್ನಡ ಗೊತ್ತಿಲ್ಲ’ ಎಂಬಲ್ಲಿಂದ ಮುಂದೆ ಹೋಗದವರನ್ನು ನಾವೇ ದಿನವೂ ನೋಡುತ್ತೇವೆ. ಆದರೂ ಚೀನಾದ ಮಾತು ಬಂದಾಗ ಈ ಸಲಹೆಯನ್ನು ನಂಬುತ್ತೇವೆ.

ನಂಬಿದರೆ ಏನು ನಷ್ಟ? ಬೀಜಿಂಗ್‌ಗೋ ತೈಪೆಗೋ ಹೋದ ವಿದ್ಯಾರ್ಥಿಗೆ ಮೂರು ತಿಂಗಳಾದರೂ ಕ್ಯಾಂಟೀನ್‌ನವರ ಮಾತು ಅರ್ಥವಾಗದಿದ್ದಾಗ, ತಪ್ಪು ಸಲಹೆಯದು ಎಂದು ಅನಿಸುವುದಿಲ್ಲ. ‘ನನ್ನ ತಲೆಗೇ ಹತ್ತುತ್ತಿಲ್ಲ’ ಎನಿಸುತ್ತದೆ. ಕೋರ್ಸ್ ಬಿಟ್ಟು ಬರುವ ಯೋಚನೆ ಹುಟ್ಟುವುದು ಇಲ್ಲಿಂದ.

ಮೊದಲು ಲೆಕ್ಕ ನೋಡೋಣ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್. ಇಂಗ್ಲಿಷ್ ಮಾತೃಭಾಷೆಯವರು ಕೆಲಸಕ್ಕೆ ಸಾಕಾಗುವಷ್ಟು ಚೀನೀ ಕಲಿಯಲು ಅದು ಹಾಕಿರುವ ಅಂದಾಜು 88 ವಾರ, 2,200 ತರಗತಿ ಗಂಟೆ. ವಾರಕ್ಕೆ 20 ಗಂಟೆ ಪಾಠವಿರುವ ಒಂದು ಕೋರ್ಸಿನಲ್ಲಿ 20 ವಾರ ಕಳೆದರೆ ಆಗುವುದು 400 ಗಂಟೆ, ಅಂದರೆ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಆರು ತಿಂಗಳಿಗೆ ತಡವರಿಸುವುದು ದಡ್ಡತನವಲ್ಲ, ಸಹಜ.

ಹಾಗಾದರೆ ಆ ದೇಶದಲ್ಲೇ ಇರುವುದರಿಂದ ಲಾಭವೇ ಇಲ್ಲವೇ? 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಕುತೂಹಲಕಾರಿ. ಫ್ರೆಂಚ್ ಕಲಿಯುತ್ತಿದ್ದ 28 ವಿದ್ಯಾರ್ಥಿಗಳನ್ನು ಫ್ರೀಡ್, ಸೆಗಲೋವಿಟ್ಜ್ ಮತ್ತು ಡ್ಯೂಯಿ ಎಂಬ ಸಂಶೋಧಕರು ಹೋಲಿಸಿದರು. ಕೆಲವರು ಊರಿನ ಕಾಲೇಜಿನಲ್ಲಿ, ಕೆಲವರು ಫ್ರಾನ್ಸ್‌ನಲ್ಲಿ, ಇನ್ನು ಕೆಲವರು ಅಮೆರಿಕದಲ್ಲೇ ನಡೆದ ‘ಫ್ರೆಂಚ್ ಮಾತ್ರ’ ಶಿಬಿರದಲ್ಲಿ ಕಲಿತವರು. ಸರಾಗವಾಗಿ ಮಾತಾಡುವುದರಲ್ಲಿ ಹೆಚ್ಚು ಮುಂದೆ ಹೋದವರು ಶಿಬಿರದವರು. ವಾರದಲ್ಲಿ ಅವರು ಫ್ರೆಂಚ್ ಬಳಸಿದ ಗಂಟೆಗಳೂ ಹೆಚ್ಚು. ಫ್ರಾನ್ಸ್‌ಗೆ ಹೋದವರು ಅಲ್ಲೂ ಇಂಗ್ಲಿಷನ್ನೇ ಹೆಚ್ಚು ಬಳಸಿದ್ದರು. ಸಣ್ಣ ಅಧ್ಯಯನ, ಬೇರೆ ಭಾಷೆ, ನಿಜ. ಆದರೂ ಭಾಷೆ ಕಲಿಸುವುದು ವೀಸಾ ಅಲ್ಲ, ಬಾಯಿ ತೆರೆದ ಗಂಟೆಗಳು ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ.

ಒಳ್ಳೆಯ ಇಮ್ಮರ್ಶನ್ ಕೋರ್ಸ್‌ಗಳು ನಡೆಯುವುದೇ ಈ ಸೂತ್ರದ ಮೇಲೆ. ಅಮೆರಿಕದ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಭಾಷಾ ಶಾಲೆಗಳು (ಮೊದಲನೆಯದು 1915ರಲ್ಲಿ ಶುರುವಾಯಿತು) ‘ಭಾಷಾ ಪ್ರತಿಜ್ಞೆ’ಗೆ ಹೆಸರಾದವು. ಕಲಿಯುವ ಭಾಷೆ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ವಿದ್ಯಾರ್ಥಿ ಸಹಿ ಹಾಕಬೇಕು. 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಬೀಜಿಂಗ್‌ನಲ್ಲಿ ಆರಂಭಿಸಿದ ಬೇಸಿಗೆ ಚೀನೀ ಕೋರ್ಸಿನಲ್ಲೂ ಇಂಥದ್ದೇ ನಿಯಮ. ಪ್ರತಿಜ್ಞೆ ಇಲ್ಲದ ಕಡೆ ‘ಮುಳುಗುವುದು’ ಬಹಳ ಬೇಗ ಸೋರಿಹೋಗುತ್ತದೆ. ಚೀನಾದ ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್ ಬೇರೆಯೇ ಇರುತ್ತದೆ. ಪಕ್ಕದ ರೂಮಿನಲ್ಲಿ ರಷ್ಯಾದವರು, ಎದುರು ಕೊರಿಯಾದವರು, ಎಲ್ಲರ ನಡುವೆ ಹರಕುಮುರುಕು ಇಂಗ್ಲಿಷ್. ಭಾರತೀಯರು ನಾಲ್ಕು ಜನ ಸಿಕ್ಕರಂತೂ ಅಡುಗೆ, ಸುತ್ತಾಟ, ಕ್ರಿಕೆಟ್ ಎಲ್ಲ ಹಿಂದಿಯಲ್ಲಿ. ಸ್ನೇಹ ಬೇಡವೆಂದಲ್ಲ, ಆದರೆ ದಿನಕ್ಕೆ ಎಷ್ಟು ಗಂಟೆ ಚೀನೀ ಮಾತಾಡಿದಿರಿ ಎಂದು ಒಂದು ವಾರ ಬರೆದಿಟ್ಟು ನೋಡಿ, ಗಾಬರಿಯಾಗುತ್ತದೆ.

ಇನ್ನೊಂದು ಜನಪ್ರಿಯ ನಂಬಿಕೆ: ಹೊಸ ದೇಶದಲ್ಲಿ ಮೊದಲ ತಿಂಗಳು ‘ಹನಿಮೂನ್’, ಬೇಸರ ಶುರುವಾಗುವುದು ಆಮೇಲೆ. 1950ರ ದಶಕದಿಂದಲೂ ಓಡಾಡುತ್ತಿರುವ ಸಿದ್ಧಾಂತವಿದು. ನ್ಯೂಜಿಲೆಂಡ್‌ಗೆ ಓದಲು ಹೋದ ಜಪಾನಿ ವಿದ್ಯಾರ್ಥಿಗಳನ್ನು ಬಂದಿಳಿದ 24 ಗಂಟೆಯೊಳಗಿಂದ ಒಂದು ವರ್ಷದವರೆಗೆ ಗಮನಿಸಿದ 1998ರ ಅಧ್ಯಯನದಲ್ಲಿ ಕಂಡದ್ದು ಬೇರೆಯೇ: ಸಂಕಟ ಎಲ್ಲಕ್ಕಿಂತ ಹೆಚ್ಚಿದ್ದದ್ದು ಶುರುವಿನಲ್ಲೇ. ಹಾಗಾಗಿ ಮೊದಲ ವಾರವೇ ಅಳು ಬಂದರೆ ನಿಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳಬೇಕಿಲ್ಲ.

ಕನ್ನಡಿಗರಿಗೆ ಎಷ್ಟು ಕಷ್ಟ, ಎಷ್ಟು ಸುಲಭ?

ಕಷ್ಟವೆಂದರೆ ಸ್ವರದ ಏರಿಳಿತ. ಚೀನೀ ಭಾಷೆಯಲ್ಲಿ ನಾಲ್ಕು ಏರಿಳಿತಗಳಿವೆ, ಜೊತೆಗೆ ಒತ್ತಿಲ್ಲದ ಇನ್ನೊಂದು. ‘ಮಾ’ ಎಂಬುದನ್ನು ಸಮವಾಗಿ ಎಳೆದರೆ ಅಮ್ಮ, ತಗ್ಗಿಸಿ ಹೇಳಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು. ‘ಚಿಕ್ಕಂದಿನಲ್ಲೇ ಕಲಿಯದಿದ್ದರೆ ಕಿವಿಗೆ ಹಿಡಿಯುವುದೇ ಇಲ್ಲ’ ಎನ್ನುವುದು ಮಾತ್ರ ಸುಳ್ಳು. ಎರಡು ವಾರದಲ್ಲಿ ಎಂಟು ಬಾರಿ ಕಿವಿಯ ತರಬೇತಿ ಕೊಟ್ಟಾಗ ಅಮೆರಿಕದ ವಯಸ್ಕ ವಿದ್ಯಾರ್ಥಿಗಳ ಗುರುತಿಸುವ ಸಾಮರ್ಥ್ಯ ಸರಾಸರಿ ಶೇ 21ರಷ್ಟು ಹೆಚ್ಚಿತ್ತು, ಆರು ತಿಂಗಳ ನಂತರವೂ ಉಳಿದಿತ್ತು ಎನ್ನುತ್ತದೆ 1999ರ ಒಂದು ಸಂಶೋಧನೆ.

ಸುಲಭದ ಪಟ್ಟಿ ಉದ್ದವಿದೆ. ಇಂಗ್ಲಿಷ್ ಲಿಪಿಯಲ್ಲಿ ‘ಬಿ’ ಅಕ್ಷರದಿಂದ ಬರೆಯುವ ಚೀನೀ ಧ್ವನಿ ನಿಜಕ್ಕೂ ನಮ್ಮ ‘ಪ’ಕ್ಕೆ ಹತ್ತಿರ, ‘ಪಿ’ಯಿಂದ ಬರೆಯುವುದು ‘ಫಲ’ದ ‘ಫ’ಕ್ಕೆ. ಅಂದರೆ ಅಲ್ಪಪ್ರಾಣ, ಮಹಾಪ್ರಾಣ. ಮಾತಿನಲ್ಲಿ ನಾವು ಮಹಾಪ್ರಾಣ ನುಂಗುತ್ತೇವೆ ನಿಜ, ಆದರೆ ವ್ಯತ್ಯಾಸ ಗೊತ್ತು. ಇಂಗ್ಲಿಷ್ ಕಾಗುಣಿತ ನೋಡಿ ಓದುವವರೇ ಇಲ್ಲಿ ಎಡವುವುದು. ‘ನಿನ್ನೆ ಬಂದ ಹುಡುಗಿ’ ಎಂಬುದರ ಪದಕ್ರಮ ಚೀನೀಯಲ್ಲೂ ಹಾಗೆಯೇ. ‘ಬರ್ತೀಯಾ’ ಎಂದು ಕೊನೆಗೆ ‘ಆ’ ಸೇರಿಸಿ ನಾವು ಕೇಳುವಂತೆ ಅವರು ಕೊನೆಗೆ ‘ಮಾ’ ಸೇರಿಸುತ್ತಾರೆ. ಬರುತ್ತೇನೆ, ಬರುತ್ತಾನೆ, ಬರುತ್ತಾಳೆ ಎಂಬ ರಗಳೆಯಂತೂ ಇಲ್ಲವೇ ಇಲ್ಲ, ಎಲ್ಲದಕ್ಕೂ ‘ಲಾಯ್’. ಇನ್ನು ‘ನೀನು’ ಎಂಬುದಕ್ಕೆ ಅವರೂ ‘ನಿ’ ಎನ್ನುತ್ತಾರೆ. ಇದು ಕಾಕತಾಳೀಯ; ಎರಡೂ ಬೇರೆ ಬೇರೆ ಕುಟುಂಬದ ಭಾಷೆಗಳು. ದಯವಿಟ್ಟು ‘ಚೀನೀ ಭಾಷೆಯ ಮೂಲ ಕನ್ನಡ’ ಎಂದು ಫಾರ್ವರ್ಡ್ ಮಾಡಬೇಡಿ.

ಫಾರ್ವರ್ಡ್ ಎಂದಾಗ ನೆನಪಾಯಿತು. ಚೀನಾದ ಮುಖ್ಯಭೂಮಿಯಲ್ಲಿ ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್ ನೇರವಾಗಿ ತೆರೆಯುವುದಿಲ್ಲ. ಅಲ್ಲಿ ಎಲ್ಲವೂ ವೀಚಾಟ್. ಅದನ್ನೋ 2020ರ ಜೂನ್‌ನಲ್ಲಿ ಭಾರತ 58 ಬೇರೆ ಆ್ಯಪ್‌ಗಳ ಜೊತೆ ನಿಷೇಧಿಸಿತು. ಮೊದಲ ವಾರ ಮಗಳ ಸುದ್ದಿಯೇ ಇಲ್ಲವೆಂದು ಮನೆಯಲ್ಲಿ ಕಂಗಾಲಾಗಬಾರದೆಂದರೆ, ಮಾತಾಡುವ ದಾರಿಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸಾಮಾನ್ಯ ಐಎಸ್‌ಡಿ ಕರೆ ಹೋಗುತ್ತದೆ. ಭಾರತದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ತೆರೆಯುತ್ತದೆ, ದುಬಾರಿ ಅಷ್ಟೇ. ತೈವಾನ್‌ನಲ್ಲಿ ಈ ತೊಂದರೆ ಇಲ್ಲ, ಆದರೆ ಅಲ್ಲಿ ಕಲಿಯುವ ಲಿಪಿ ಹೆಚ್ಚು ಗೆರೆಗಳ ಸಾಂಪ್ರದಾಯಿಕ ಲಿಪಿ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎನ್ನುವುದನ್ನಷ್ಟೇ ಕಲಿತು ಹೋದರೆ ಸಾಲದು. ಮಾಂಸದ ತುಂಡಿಲ್ಲದ ಸೊಪ್ಪಿನ ಸಾರಿನಲ್ಲೂ ಮಾಂಸದ ರಸವಿರಬಹುದು. ‘ವೊ ಛಿ ಸು’, ಅಂದರೆ ‘ನಾನು ಸಸ್ಯಾಹಾರ ತಿನ್ನುವವನು’ ಎನ್ನಬೇಕು. ಬೌದ್ಧ ಪದ್ಧತಿಯ ‘ಸು’ ಊಟ ಅಲ್ಲಿ ಎಲ್ಲರಿಗೂ ಪರಿಚಿತ, ಅದರಲ್ಲಿ ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ‘ಸು’ವನ್ನು ಥಟ್ಟನೆ ಇಳಿಸಿ ಹೇಳಿ.