ಪುರುಷರ ಗುಟ್ಟಿನ ಬೇನೆ: ಚಿಕಿತ್ಸೆಯ ಆಯ್ಕೆಯೂ ಅದರ ಬೆಲೆಯೂ

ನಮ್ಮ ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸೀಮೆಯ ಕನ್ನಡ ಮನೆಗಳಲ್ಲಿ ಹಿರಿಯರ ಸಕ್ಕರೆ ಕಾಯಿಲೆ, ಮೊಣಕಾಲಿನ ನೋವು, ಕಣ್ಣಿನ ಪೊರೆ ಇವುಗಳ ಮಾತು ಕಟ್ಟೆಯ ಮೇಲೆಯೇ ನಡೆಯುತ್ತದೆ. ಮೂತ್ರದ ತೊಂದರೆಯ ಮಾತು ಮಾತ್ರ ಹೊರಗೆ ಬಾರದು. ರಾತ್ರಿ ನಾಲ್ಕು ಸಲ ಏಳುವ ಯಜಮಾನರು ಅದನ್ನು ಮನೆಯಾಕೆಗೂ ಹೇಳದೆ ವಯೋಧರ್ಮವೆಂದು ನುಂಗಿಕೊಳ್ಳುತ್ತಾರೆ. ಈ ಮೌನದ ಮರೆಯಲ್ಲಿ ಬೆಳೆಯುವ ರೋಗಗಳಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವೂ ಒಂದು. ಅದಕ್ಕಿರುವ ಚಿಕಿತ್ಸೆಗಳಾವುವು, ಪ್ರತಿಯೊಂದಕ್ಕೂ ದೇಹವು ತೆರಬೇಕಾದ ಬೆಲೆ ಏನು ಎಂಬುದನ್ನು ಈ ಸಲ ವಿವೇಚಿಸಲು ಬಯಸುತ್ತೇವೆ. ನಾವು ವೈದ್ಯರಲ್ಲ, ಹಳ್ಳಿಯ ಶಾಲಾ ಮಾಸ್ತರರು. ವೈದ್ಯರ ಎದುರು ಕುಳಿತಾಗ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ತಿಳಿಸುವುದಷ್ಟೇ ನಮಗೆ ಸಲ್ಲುವ ಕೆಲಸ.

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರ ಇರುವ, ಸುಮಾರು ಅಕ್ರೋಟಿನ ಗಾತ್ರದ ಒಂದು ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವಯಸ್ಸಾದಂತೆ ಇದು ಹಿಗ್ಗುವುದು ಸಾಮಾನ್ಯ, ಹಿಗ್ಗಿದ್ದೆಲ್ಲ ಅರ್ಬುದವಲ್ಲ. ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಅಂಕಿ ಏರಿದ ಮಾತ್ರಕ್ಕೂ ಗಾಬರಿಯಾಗಬೇಕಿಲ್ಲ. ಸಾಮಾನ್ಯ ಹಿಗ್ಗುವಿಕೆಯಿಂದಲೂ, ಮೂತ್ರದ ಸೋಂಕಿನಿಂದಲೂ ಅದು ಏರಬಲ್ಲದು. ಸೂಜಿಯಿಂದ ಗ್ರಂಥಿಯ ಸಣ್ಣ ಚೂರುಗಳನ್ನು ತೆಗೆದು ನೋಡುವ ಬಯಾಪ್ಸಿಯೇ ಸಾಮಾನ್ಯವಾಗಿ ರೋಗವನ್ನು ಖಚಿತಪಡಿಸುವ ಪರೀಕ್ಷೆ. ಅದರ ವರದಿಯಲ್ಲಿ ಗ್ಲೀಸನ್ ಎಂಬ ಅಂಕ ಇರುತ್ತದೆ. 6 ಎಂದರೆ ಸೌಮ್ಯ ಸ್ವಭಾವದ ರೋಗ. 8, 9, 10 ಎಂದರೆ ಉಗ್ರ ಸ್ವಭಾವದ್ದು. ರೋಗವು ಗ್ರಂಥಿಯೊಳಗೇ ಇದೆಯೋ, ಎಲುಬಿಗೆ ಇಳಿದಿದೆಯೋ ಎಂಬುದನ್ನು ಸ್ಕ್ಯಾನಿಂಗ್ ತಿಳಿಸುತ್ತದೆ. ಈ ಎರಡು ಸಂಗತಿಗಳು ತಿಳಿಯದೆ ಚಿಕಿತ್ಸೆಯ ಮಾತನ್ನು ಎತ್ತಲಾಗದು.

ಅರ್ಬುದವೆಂದೊಡನೆ ನಾಳೆಯೇ ಕತ್ತರಿಸಬೇಕೆಂಬ ಆತುರ ನಮ್ಮ ಜನರಲ್ಲಿ ಉಂಟು. ಈ ರೋಗದ ಮಟ್ಟಿಗೆ ಅದು ಯಾವಾಗಲೂ ಸರಿಯಲ್ಲ. ಗ್ರಂಥಿಯೊಳಗೇ ಇರುವ ಸೌಮ್ಯ ರೋಗ ಬಹಳ ನಿಧಾನವಾಗಿ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ 50ರಿಂದ 69 ವರ್ಷದೊಳಗಿನ ಇಂತಹ 1643 ಪುರುಷರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ಬರಿಯ ನಿಗಾವಣೆ ಎಂದು ನಡೆಸಿದ ಅಧ್ಯಯನದ 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೂರು ಗುಂಪುಗಳಲ್ಲಿಯೂ ಈ ರೋಗದಿಂದ ಸತ್ತವರು ನೂರಕ್ಕೆ ಸುಮಾರು ಮೂವರು ಮಾತ್ರ. ಆದರೆ ನಿಗಾವಣೆಯ ಗುಂಪಿನಲ್ಲಿ ನೂರಕ್ಕೆ ಒಂಬತ್ತು ಮಂದಿಗೆ ರೋಗ ದೇಹದ ಬೇರೆ ಕಡೆ ಹರಡಿತ್ತು. ಉಳಿದ ಎರಡರಲ್ಲಿ ನೂರಕ್ಕೆ ಸುಮಾರು ಐವರಿಗೆ. ನಿಗಾವಣೆಯಲ್ಲಿದ್ದವರ ಪೈಕಿ ನೂರಕ್ಕೆ ಅರವತ್ತರಷ್ಟು ಜನ ಮುಂದೆ ಚಿಕಿತ್ಸೆಗೆ ಒಳಗಾದರು. ಆದುದರಿಂದ ನಿಗಾವಣೆಯೆಂದರೆ ಕೈಕಟ್ಟಿ ಕೂಡುವುದಲ್ಲ. ಕೆಲವು ತಿಂಗಳಿಗೊಮ್ಮೆ ಪಿಎಸ್‌ಎ, ವೈದ್ಯರು ಹೇಳಿದಾಗ ಪುನಃ ಬಯಾಪ್ಸಿ. ಇಲ್ಲಿ ದೇಹ ತೆರುವ ಬೆಲೆ ಅತಿ ಕಡಿಮೆ, ಮನಸ್ಸು ತೆರುವ ಬೆಲೆ ಹೆಚ್ಚು. ತಪ್ಪದೆ ಹೋಗಿ ತೋರಿಸುವ ಶಿಸ್ತಿಲ್ಲದವರಿಗೆ ಈ ದಾರಿ ತಕ್ಕುದಲ್ಲ.

ಎರಡನೆಯದು ಶಸ್ತ್ರಚಿಕಿತ್ಸೆ, ಅಂದರೆ ಗ್ರಂಥಿಯನ್ನು ಸಂಪೂರ್ಣ ತೆಗೆದುಹಾಕುವುದು. ಹೊಟ್ಟೆ ಕೊಯ್ದಾಗಲಿ, ಸಣ್ಣ ರಂಧ್ರಗಳ ಮೂಲಕ ದುರ್ಬೀನಿನಿಂದಾಗಲಿ, ರೋಬಾಟ್ ಯಂತ್ರದ ನೆರವಿನಿಂದಾಗಲಿ ಇದನ್ನು ಮಾಡುತ್ತಾರೆ. ರೋಗ ಗ್ರಂಥಿಯೊಳಗೇ ಇದ್ದು ಶರೀರ ಗಟ್ಟಿಮುಟ್ಟಾಗಿದ್ದರೆ ಗುಣದ ಭರವಸೆ ಚೆನ್ನಾಗಿದೆ. ಆದರೆ ಮೂತ್ರವನ್ನು ತಡೆಯುವ ಸ್ನಾಯುವೂ, ಪುರುಷತ್ವಕ್ಕೆ ಸಂಬಂಧಿಸಿದ ನರಗಳೂ ಆ ಗ್ರಂಥಿಯ ಮಗ್ಗುಲಲ್ಲೇ ಇವೆ. ಕೆಮ್ಮಿದರೆ, ಭಾರ ಎತ್ತಿದರೆ ಮೂತ್ರ ಜಿನುಗುವುದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಮೇಲೆ ಹೇಳಿದ ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ನೂರಕ್ಕೆ 46 ಜನರು ಪ್ಯಾಡು ಕಟ್ಟಿಕೊಳ್ಳುತ್ತಿದ್ದರು. ಆರು ವರ್ಷಗಳ ಮೇಲೆ ಅದು 17ಕ್ಕೆ ಇಳಿದಿತ್ತು. ಮೂತ್ರವನ್ನು ನಡುವೆ ತಡೆಹಿಡಿಯುವಾಗ ಬಿಗಿಯುವ ಸ್ನಾಯುವಿಗೆ ದಿನವೂ ಕೊಡುವ ವ್ಯಾಯಾಮವನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಕಲಿತರೆ ಪ್ರಯೋಜನವುಂಟು. ದಾಂಪತ್ಯ ಶಕ್ತಿ ಅನೇಕರಲ್ಲಿ ಕುಂದುತ್ತದೆ; ಕೆಲವರಿಗೆ ನಿಧಾನವಾಗಿ ಭಾಗಶಃ ಮರಳುತ್ತದೆ.

ಮೂರನೆಯದು ವಿಕಿರಣ ಚಿಕಿತ್ಸೆ. ನಮ್ಮ ಜನರು 'ಕರೆಂಟ್ ಕೊಡುವುದು' ಎನ್ನುವುದು ಇದನ್ನೇ. ಕೊಯ್ಯುವುದಿಲ್ಲ, ನೋವಿಲ್ಲ, ಆದರೆ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಎಂಟು ವಾರ ಹೋಗಬೇಕಾಗುವುದು ವಾಡಿಕೆ. ಹಳ್ಳಿಯವರಿಗೆ ಪಟ್ಟಣದಲ್ಲಿ ಅಷ್ಟು ದಿನ ತಂಗುವುದೂ ಒಂದು ಬೆಲೆಯೇ. ಚಿಕಿತ್ಸೆಯ ಕಾಲದಲ್ಲಿ ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಹೋಗುವುದು, ಭೇದಿ, ಆಯಾಸ ಕಾಣುತ್ತವೆ. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಲದಲ್ಲಿ ರಕ್ತ ಕಾಣಿಸಬಹುದು. ಅದನ್ನು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ ವೈದ್ಯರಿಗೆ ತಿಳಿಸಬೇಕು. ಮೂತ್ರ ಜಿನುಗುವುದು ಶಸ್ತ್ರಚಿಕಿತ್ಸೆಗಿಂತ ಕಡಿಮೆ. ಪುರುಷತ್ವ ಕುಂದುವುದು ಇದರಲ್ಲಿಯೂ ಉಂಟು.

ಇಷ್ಟೂ ಹೊತ್ತಿಗೆ ಮುಂಚೆ ಬಂದವರ ಮಾತಾಯಿತು. ಸೊಂಟನೋವೆಂದು ಎಣ್ಣೆ ತಿಕ್ಕಿಸಿಕೊಂಡು, ಪಟ್ಟು ಹಾಕಿಸಿಕೊಂಡು, ವರ್ಷ ಕಳೆದ ಮೇಲೆ ಬರುವವರ ಗತಿಯೇನು? ರೋಗ ಎಲುಬಿಗೆ ಇಳಿದಿದ್ದರೂ ದಾರಿ ಮುಚ್ಚಿಲ್ಲ. ಈ ಅರ್ಬುದವು ಪುರುಷ ಹಾರ್ಮೋನನ್ನು ಉಂಡು ಬೆಳೆಯುತ್ತದೆ, ಆ ಹಾರ್ಮೋನು ನಿಂತರೆ ಕುಗ್ಗುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು; 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರಕಿತು. ಹಾರ್ಮೋನನ್ನು ನಿಲ್ಲಿಸಲು ಎರಡು ಮಾರ್ಗಗಳಿವೆ: ತಿಂಗಳಿಗೋ ಮೂರು ತಿಂಗಳಿಗೋ ಒಂದರಂತೆ ಚುಚ್ಚುಮದ್ದು, ಇಲ್ಲವೇ ವೃಷಣಗಳನ್ನು ತೆಗೆಯುವ ಸಣ್ಣ ಶಸ್ತ್ರಕ್ರಿಯೆ. ರೋಗವನ್ನು ತಡೆಯುವುದರಲ್ಲಿ ಎರಡೂ ಸಮಾನ. ಚುಚ್ಚುಮದ್ದನ್ನು ನಿಲ್ಲಿಸಬಹುದು, ಆದರೆ ಖರ್ಚೂ ಪ್ರಯಾಣವೂ ತಪ್ಪುವುದಿಲ್ಲ. ಶಸ್ತ್ರಕ್ರಿಯೆ ಅಗ್ಗ, ಒಮ್ಮೆಗೇ ಮುಗಿಯುತ್ತದೆ, ಆದರೆ ಹಿಂದಿರುಗಿಸಲಾಗದು.

ಇಲ್ಲಿಯೇ ನಮ್ಮ ಗಂಡಸರ ಮನಸ್ಸು ಕುಸಿಯುವುದು. 'ಹೋರಿಯನ್ನು ಎತ್ತು ಮಾಡಿದ ಹಾಗೆ ನನ್ನನ್ನೂ ಮಾಡುತ್ತಾರೆ' ಎಂದು ಹಿರಿಯರೊಬ್ಬರು ನಮ್ಮೊಡನೆ ಕಣ್ಣೀರಿಟ್ಟುದುಂಟು. ಮಕ್ಕಳೆದುರು ಹೇಳಲಾರದೆ ಅವರು ಊಟವನ್ನೇ ಬಿಟ್ಟಿದ್ದರು. ಕೊನೆಗೆ ಮಾತು ತೆಗೆದವರು ಅವರ ಮನೆಯಾಕೆಯೇ: 'ನೀವು ಕಟ್ಟೆಯ ಮೇಲೆ ಕುಳಿತಿದ್ದರೆ ಸಾಕು, ನನಗೆ ಮನೆ ತುಂಬಿದಂತೆ.' ಆ ಒಂದು ಮಾತು ಮಾಡಿದ ಕೆಲಸವನ್ನು ನಮ್ಮ ಹತ್ತು ಉಪದೇಶಗಳು ಮಾಡಿರಲಿಲ್ಲ. ಅವರು ಶಸ್ತ್ರಕ್ರಿಯೆಗೆ ಒಪ್ಪಿದರು. ಕೆಲವೇ ವಾರಗಳಲ್ಲಿ ಎಲುಬಿನ ನೋವು ಇಳಿದು ಹೊಲದ ಬದುವಿನವರೆಗೆ ನಡೆದು ಬರುವಂತಾದರು.

ಹಾರ್ಮೋನು ನಿಂತ ದೇಹಕ್ಕೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ಆಸೆ ಕುಂದುತ್ತದೆ, ಮಾಂಸಖಂಡ ಕರಗಿ ಹೊಟ್ಟೆ ಬರುತ್ತದೆ, ಎದೆ ಊದಬಹುದು, ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಕಾಯಿಲೆಯ ಮತ್ತು ಹೃದ್ರೋಗದ ಭಯ ಹೆಚ್ಚುತ್ತದೆ. ಸಿಡುಕು, ಖಿನ್ನತೆಗಳೂ ಉಂಟು. ಮನೆಯವರು ಅದನ್ನು ಸ್ವಭಾವದೋಷವೆಂದು ತಿಳಿಯದೆ ಔಷಧದ ಪರಿಣಾಮವೆಂದು ತಿಳಿಯಬೇಕು. ದಿನವೂ ನಡಿಗೆ, ಸಾಧ್ಯವಾದಷ್ಟು ಮೈ ಬಗ್ಗಿಸುವ ಕೆಲಸ, ಬೀಡಿ ತಂಬಾಕುಗಳ ತ್ಯಾಗ, ಕಾಲಕಾಲಕ್ಕೆ ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆ, ವೈದ್ಯರ ಸಲಹೆಯಂತೆ ಕ್ಯಾಲ್ಸಿಯಂ ಇವೇ ಇದಕ್ಕೆ ಪರಿಹಾರ. ಹಾರ್ಮೋನು ಚಿಕಿತ್ಸೆಯೊಡನೆ ಅಬಿರಾಟೆರೋನ್, ಎಂಜಲುಟಮೈಡ್ ಎಂಬ ಮಾತ್ರೆಗಳನ್ನೋ, ಡೋಸಿಟ್ಯಾಕ್ಸೆಲ್ ಎಂಬ ಕಿಮೋ ಔಷಧವನ್ನೋ ಸೇರಿಸಿದರೆ ಆಯುಸ್ಸು ಇನ್ನಷ್ಟು ಹೆಚ್ಚುವುದೆಂದು ಇತ್ತೀಚಿನ ಅನುಭವ ತೋರಿಸಿದೆ. ಕಿಮೋ ಪಡೆಯುತ್ತಿರುವಾಗ ಜ್ವರ ಬಂದರೆ ಬೆಳಗಾಗಲೆಂದು ಕಾಯಬಾರದು. ಎಲುಬಿಗೆ ರೋಗವಿಳಿದವರಿಗೆ ಹಠಾತ್ತಾಗಿ ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಬೆನ್ನುಹುರಿ ಒತ್ತಿರಬಹುದು. ಆಗ ಒಂದೊಂದು ಗಂಟೆಯೂ ಅಮೂಲ್ಯ.

ಇನ್ನು ಗಡಿಯವರಾದ ನಮ್ಮ ವಿಶೇಷ ತೊಡಕು. 1956ರ ನವೆಂಬರ್ 1ರವರೆಗೆ ಕೊಡಂಗಲ್, ತಾಂಡೂರು ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲಿಯೇ ಇದ್ದವು. ಬಂಧುಬಳಗ ಇಂದಿಗೂ ಆ ಕಡೆಗಿದೆ. ಹೀಗಾಗಿ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ, ಹೈದರಾಬಾದಿನ ಸರಕಾರಿ ಎಂಎನ್‌ಜೆ ಆಸ್ಪತ್ರೆಗೋ ಎಂಬ ಪ್ರಶ್ನೆ ಏಳುತ್ತದೆ. ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿಯನ್ನು 2023ರ ಡಿಸೆಂಬರಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿಗೆ ಏರಿಸಲಾಯಿತು; ಆದರೆ ಆ ಕಾರ್ಡು ಗಡಿಯಾಚೆಯೂ ನಡೆಯುವುದೆಂದು ಎಣಿಸಿ ಹೊರಡಬೇಡಿ, ಮೊದಲೇ ವಿಚಾರಿಸಿರಿ. 70 ವರ್ಷ ತುಂಬಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗೆ ನೆರವಾಗುವ ಕೇಂದ್ರದ ಆಯುಷ್ಮಾನ್ ಕಾರ್ಡು 2024ರ ಅಕ್ಟೋಬರಿನಿಂದ ಬಂದಿದೆ. ಈ ರೋಗ ಹೆಚ್ಚಾಗಿ ಬರುವ ವಯಸ್ಸೂ ಅದೇ ಆದುದರಿಂದ ಮನೆಯ ಹಿರಿಯರ ಹೆಸರಿನಲ್ಲಿ ಅದನ್ನು ಇಂದೇ ಮಾಡಿಸಿಡುವುದು ವಿವೇಕ.

ಮತ್ತೊಂದು ತೊಡಕು ಭಾಷೆಯದು. ಹೈದರಾಬಾದಿನಲ್ಲಿ ವೈದ್ಯರ ಮಾತು ತೆಲುಗು, ಕಾಗದ ಇಂಗ್ಲಿಷು. ನಮ್ಮ ಮುತ್ಯಾನ ಭಾಷೆ ಕನ್ನಡ. ತೆಲುಗು ಶಾಲೆಯಲ್ಲಿ ಕಲಿತ ಮೊಮ್ಮಗ ಜೊತೆಗೆ ಹೋಗಿ, ಕೇಳಿದ್ದೆಲ್ಲವನ್ನೂ ಮುತ್ಯಾನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆಯೇ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಬೀಳಬೇಕು. ದೇಹ ಅವರದು, ತೀರ್ಮಾನವೂ ಅವರದೇ ಆಗಿರಲಿ.

'ಯಾವ ಚಿಕಿತ್ಸೆ ಎಲ್ಲಕ್ಕಿಂತ ಒಳ್ಳೆಯದು?' ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕೇಳಬೇಕಾದ ಪ್ರಶ್ನೆಗಳು ಇವು: ರೋಗ ಗ್ರಂಥಿಯೊಳಗಿದೆಯೇ, ಹರಡಿದೆಯೇ? ಗ್ಲೀಸನ್ ಅಂಕವೆಷ್ಟು? ಈ ವಯಸ್ಸಿನಲ್ಲಿ ನಿಗಾವಣೆ ಸಾಕೇ? ಈ ಚಿಕಿತ್ಸೆಯಿಂದ ಮೂತ್ರ, ಮಲ, ದಾಂಪತ್ಯ, ಎಲುಬು ಇವುಗಳಿಗೆ ಏನಾದೀತು, ಎಷ್ಟು ಕಾಲ? ಈ ಮಾತು ನಡೆಯುವಾಗ ಯಜಮಾನರ ಪಕ್ಕದಲ್ಲಿ ಮನೆಯಾಕೆ ಕುಳಿತಿರಲಿ, ಏಕೆಂದರೆ ಆ ಬೆಲೆಯನ್ನು ಇಬ್ಬರೂ ಕೂಡಿ ತೆರಬೇಕಾಗಿದೆ. ಓದುಗ ಬಂಧುಗಳು ಈ ಪುಟವನ್ನು ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರಿಗೆ ಓದಿ ಹೇಳುವರೆಂದು ನಂಬಿದ್ದೇವೆ.